ಕೊಡಗಿಗೆ ಬರುವವರು ಮೊದಲು ಒಂದು ದಿಕ್ಕು ಆರಿಸಿಕೊಳ್ಳಿ

ಎರಡೇ ದಿನದಲ್ಲಿ ತಲಕಾವೇರಿ, ದುಬಾರೆಯ ಆನೆ ಶಿಬಿರ, ಮಲ್ಲಳ್ಳಿ ಮತ್ತು ಇರ್ಪು ಜಲಪಾತ ಎಲ್ಲ ನೋಡಿ ಮುಗಿಸುತ್ತೇವೆ ಎಂದು ಪ್ಲಾನ್ ಹಾಕಿಕೊಂಡು ದಯವಿಟ್ಟು ಕೊಡಗಿಗೆ ಬರಬೇಡಿ. ಮ್ಯಾಪಿನಲ್ಲಿ ಜಿಲ್ಲೆ ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಇಲ್ಲಿ ಕಿಲೋಮೀಟರ್ ನೋಡಿ ಹೊತ್ತು ಲೆಕ್ಕ ಹಾಕಿದರೆ ತಪ್ಪುತ್ತದೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿ.ಮೀ. ಮಂಜಿಲ್ಲದ ದಿನವೂ ಒಂದು ಗಂಟೆಗೆ ಮೇಲೆ ಬೇಕು. ಅಲ್ಲಿಂದ ತಲಕಾವೇರಿಗೆ ಇನ್ನೂ 8 ಕಿ.ಮೀ. ಏರು. ಮಡಿಕೇರಿ ಪೇಟೆಯಲ್ಲೇ ರೂಮು ಹಿಡಿದು ದಿನಾ ಒಂದೊಂದು ಮೂಲೆಗೆ ಓಡಿದರೆ ಇಡೀ ರಜೆ ಕಾರಿನಲ್ಲೇ ಕಳೆಯುತ್ತದೆ, ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಬೇರೆ.

ನನ್ನ ಮಾತಿಷ್ಟೇ: ಒಂದು ಸಲಕ್ಕೆ ಒಂದು ದಿಕ್ಕು. ಪೂರ್ವಕ್ಕೆ ಕುಶಾಲನಗರ, ಉತ್ತರಕ್ಕೆ ಸೋಮವಾರಪೇಟೆ, ಪಶ್ಚಿಮಕ್ಕೆ ಭಾಗಮಂಡಲ ಮತ್ತು ಕಕ್ಕಬ್ಬೆ, ದಕ್ಷಿಣಕ್ಕೆ ವಿರಾಜಪೇಟೆ, ಶ್ರೀಮಂಗಲ. ಯಾವ ದಿಕ್ಕು ಹಿಡಿಯುತ್ತೀರೋ ಉಳಿಯುವ ಜಾಗವೂ ಆ ಕಡೆಯೇ ಇರಲಿ. ಮಡಿಕೇರಿಗೆ ಅರ್ಧ ದಿನ ಸಾಕು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ಮತ್ತು ಅದರ ಕೊಳ, ಕೋಟೆ, ರಾಜರ ಸಮಾಧಿಗಳಿರುವ ಗದ್ದುಗೆ, ಸಂಜೆಗೆ ಸೂರ್ಯಾಸ್ತ ನೋಡಲು ರಾಜಾಸೀಟ್. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ, ಅದನ್ನು ಮಾತ್ರ ಬಿಡಬೇಡಿ.

“ಊಟಿ ಥರ ಕೆರೆ ಇಲ್ವಾ?” ಎಂದು ಕೇಳುವವರಿಗೆ ನಾನು ತೋರಿಸುವುದು ಉತ್ತರದ ದಾರಿ. ಸೋಮವಾರಪೇಟೆಯಿಂದ ಐದಾರು ಕಿಲೋಮೀಟರ್ ದೂರದ ದೊಡ್ಡಮಳ್ತೆಯಲ್ಲಿ ಹೊನ್ನಮ್ಮನ ಕೆರೆ ಇದೆ. ಊರಿನ ನೀರಿಗಾಗಿ ಪ್ರಾಣ ಕೊಟ್ಟಳು ಎನ್ನುವ ಹೊನ್ನಮ್ಮನ ಹೆಸರಿನ ಕೆರೆ ಅದು. ಗೌರಿ ಹಬ್ಬದ ದಿನ ಹೆಂಗಸರು ಬಂದು ಬಾಗಿನ ಬಿಡುತ್ತಾರೆ. ಅಲ್ಲಿ ಊಟಿಯ ಗದ್ದಲ ಹುಡುಕಬೇಡಿ. ಗುಡ್ಡ, ಗದ್ದೆ, ನೀರು, ದೇವಿಯ ಗುಡಿ, ಅಷ್ಟೇ. ಚಪ್ಪಲಿ ಹಾಕಿಕೊಂಡು ಗುಡಿಯ ಹತ್ತಿರ ಹೋಗುವುದು, ಏರಿ ಮೇಲೆ ಕೂತು ಬಾಟಲಿ ತೆರೆಯುವುದು ಊರವರಿಗೆ ನೋವು ಕೊಡುತ್ತದೆ. ಅದು ಅವರ ಪೂಜೆಯ ಜಾಗ.

ಅದೇ ದಿನ ಬೆಳಿಗ್ಗೆ ಶಾಂತಳ್ಳಿ ಮೇಲೆ ಹಾದು ಮಲ್ಲಳ್ಳಿ ಜಲಪಾತಕ್ಕೆ ಹೋಗಿಬರಬಹುದು. ಪುಷ್ಪಗಿರಿಯ ತಪ್ಪಲಲ್ಲಿ ಕುಮಾರಧಾರಾ ಅಲ್ಲಿ ಬೀಳುತ್ತಾಳೆ. ಕಾವೇರಿ ಪೂರ್ವಕ್ಕೆ ಹರಿದರೆ ಈಕೆ ಸುಬ್ರಹ್ಮಣ್ಯದ ಮೇಲೆ ಪಶ್ಚಿಮಕ್ಕೆ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತಾಳೆ. ಇಳಿಯಲು ನೂರಾರು ಮೆಟ್ಟಿಲಿವೆ. ಇಳಿಯುವಾಗ ಸಲೀಸು, ಹತ್ತುವಾಗ ಮಂಡಿನೋವಿನವರು, ಹೃದಯದ ತೊಂದರೆಯವರು ಸೋತುಹೋಗುತ್ತಾರೆ. ಅಂಥವರು ಮೇಲಿನಿಂದಲೇ ನೋಡಲಿ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಜೊತೆಗಿರಲಿ.

ಮಳೆಗಾಲದಲ್ಲಿ ಹೋದರೆ ಜಿಗಣೆ ಹತ್ತುವುದು ಖಂಡಿತ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತೂರಿಸಿ, ಸಾಕ್ಸಿನ ಮೇಲೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಬೇವಿನೆಣ್ಣೆಯನ್ನೋ ಸವರಿಕೊಳ್ಳಿ. ಕಚ್ಚಿದ ಜಿಗಣೆಯನ್ನು ಗಾಬರಿಯಲ್ಲಿ ಕಿತ್ತರೆ ಗಾಯ ದೊಡ್ಡದಾಗುತ್ತದೆ. ಬಾಯಿಯ ಹತ್ತಿರ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ, ಹೆದರಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಸೋಪು ಹಾಕಿ ತೊಳೆದು, ಹತ್ತಿ ಒತ್ತಿ ಹಿಡಿದು ಪಟ್ಟಿ ಹಾಕಿದರೆ ನಿಲ್ಲುತ್ತದೆ.

ಪೂರ್ವದ ಕಡೆಯವರಿಗೆ ಚಿಕ್ಲಿಹೊಳೆ. ಪುಟ್ಟ ಜಲಾಶಯ. ತುಂಬಿದಾಗ ಅರ್ಧಚಂದ್ರದಂಥ ಗೋಡೆಯ ಉದ್ದಕ್ಕೂ ನೀರು ಹಾಲಿನಂತೆ ಇಳಿಯುತ್ತದೆ. ಅದನ್ನು ನೋಡಬೇಕೆಂದರೆ ಮಳೆ ಚೆನ್ನಾಗಿ ಹಿಡಿದ ಮೇಲೆ ಬನ್ನಿ. ಬೇಸಿಗೆಯಲ್ಲಿ ಬಂದು ಬೇಸರ ಮಾಡಿಕೊಳ್ಳಬೇಡಿ. ಕಾವೇರಿ ನಿಸರ್ಗಧಾಮ, ದುಬಾರೆ, ಹಾರಂಗಿ ಅಣೆಕಟ್ಟು ಇದೇ ಮಗ್ಗುಲಲ್ಲಿವೆ. ಬೈಲಕುಪ್ಪೆಯ ಚಿನ್ನದ ದೇವಾಲಯ ಗಡಿಯಾಚೆ ಮೈಸೂರು ಜಿಲ್ಲೆಯದಾದರೂ ಕುಶಾಲನಗರಕ್ಕೆ ಪಕ್ಕದಲ್ಲೇ ಇದೆ. ದುಬಾರೆಯಲ್ಲಿ ಆನೆಗಳ ಸ್ನಾನ ಬೆಳಿಗ್ಗೆ ಹೊತ್ತು. ಹತ್ತೂವರೆಗೆ ಹೋಟೆಲಿನಿಂದ ಹೊರಟವರಿಗೆ ಸಿಗುವುದು ಹೊಳೆ ದಾಟುವ ದೋಣಿಯ ಕ್ಯೂ ಮಾತ್ರ.

ನೀರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ದುಬಾರೆಯಲ್ಲಿ ಬಿಸಿಲಿದ್ದರೂ ಮೇಲೆ ಭಾಗಮಂಡಲದಲ್ಲಿ ಮಳೆ ಹೊಡೆದಿದ್ದರೆ ಹೊಳೆ ಏರುತ್ತದೆ. ಬಂಡೆಯ ಮೇಲೆ ಫೋಟೋಗೆ ನಿಂತವರಿಗೆ ನೀರು ಕೆಂಪಾಗಿ ಬರುವುದು, ಕಸಕಡ್ಡಿ ತೇಲಿಬರುವುದು ಮೊದಲ ಸೂಚನೆ. ಆಗಲೇ ದಡಕ್ಕೆ ಬನ್ನಿ. ಅಣೆಕಟ್ಟಿನ ಕೆಳಗೆ ಹೊಳೆಗಿಳಿಯುವುದಂತೂ ಬೇಡವೇ ಬೇಡ. ಜಲಾಶಯದ ಅಂಚಿನ ಹೂಳು ಗಟ್ಟಿನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಕಕ್ಕಬ್ಬೆ ಕಡೆ ಚೇಲಾವರ ಜಲಪಾತದ ಬುಡದ ಗುಂಡಿ ಈಜು ಬಲ್ಲವರ ಪ್ರಾಣವನ್ನೂ ತೆಗೆದಿದೆ. ಅಲ್ಲಿ ನೋಡಿ, ಇಳಿಯಬೇಡಿ.

ಕಾಲ ಯಾವುದು? ಜೂನ್ ನಡುವಿನಿಂದ ಆಗಸ್ಟ್ ಮುಗಿಯುವವರೆಗೆ ಗುಡ್ಡದ ರಸ್ತೆಗಳನ್ನು ನಂಬಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು, 2020ರಲ್ಲಿ ತಲಕಾವೇರಿಯಲ್ಲೇ ಕುಸಿದದ್ದು ಇಲ್ಲಿಯ ಜನ ಮರೆತಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ: ಜಲಪಾತದಲ್ಲಿ ನೀರಿರುತ್ತದೆ, ದಾರಿಯೂ ಕಾಣುತ್ತದೆ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದರೆ ಕಾವೇರಿ ಕುಂಡಿಕೆಯಲ್ಲಿ ಉಕ್ಕಿ ಬರುವ ಹಬ್ಬ. ಭಕ್ತಿಯಿಂದ ಬರುವವರು ಬನ್ನಿ, ಬರೀ ಸುತ್ತಾಟಕ್ಕಾದರೆ ಆ ವಾರ ಬೇರೆ ದಿಕ್ಕು ಹಿಡಿಯಿರಿ. ಕಾಫಿ ಹೂವು ನೋಡುವ ಆಸೆಯಿದ್ದರೆ ಫೆಬ್ರವರಿ, ಮಾರ್ಚಿನ ಮೊದಲ ಮಳೆಗೆ ಕಾಯಬೇಕು. ಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಕೆಲವೇ ದಿನದಲ್ಲಿ ಹೂವು ಬಾಡುತ್ತದೆ. ತಾರೀಖು ನೋಡಿ ರೂಮು ಬುಕ್ ಮಾಡುವುದಕ್ಕಿಂತ ತೋಟದವರಿಗೆ ಫೋನ್ ಮಾಡಿ “ಮಳೆ ಆಯ್ತಾ?” ಎಂದು ಕೇಳಿ.

ಗುಡ್ಡದ ತುದಿಯಿಂದ ಕಣಿವೆ ನೋಡುವ ಜಾಗವಾದ ಮಾಂದಲಪಟ್ಟಿಗೆ ಸ್ವಂತ ಕಾರು ಒಯ್ಯಬೇಡಿ. ಕೊನೆಯ ಏರಿನಲ್ಲಿ ಕಲ್ಲು ತಗುಲಿ ಆಯಿಲ್ ಸಂಪ್ ಒಡೆಯುತ್ತದೆ, ಇಲ್ಲವೇ ಕ್ಲಚ್ ಸುಡುತ್ತದೆ. ಜೀಪಿನ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ತಿರುಗಿ ಹೊಡೆಯುತ್ತದೆ, ಲೋಬೀಮ್ ಸಾಕು. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕಾದು ಹಿಡಿಯದೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಸಿ, ಏರಿ ಬರುವ ಗಾಡಿಗೆ ದಾರಿ ಬಿಡಿ.

ಸಿದ್ದಾಪುರ, ನೆಲ್ಯಹುದಿಕೇರಿ, ಮಾಲ್ದಾರೆ, ತಿತಿಮತಿ ಕಡೆ ತಂಗಿದರೆ ಬೆಳಗಿನ ಜಾವ, ಸಂಜೆ ಮೇಲೆ ತೋಟದಲ್ಲಿ ವಾಕಿಂಗ್ ಬೇಡ. ಅಲ್ಲಿ ಆನೆ ದಿನನಿತ್ಯದ ಮಾತು, ಕೆಲಸಕ್ಕೆ ಹೋಗುವ ಕಾರ್ಮಿಕರೇ ಪ್ರಾಣ ಕಳೆದುಕೊಂಡಿದ್ದಾರೆ. ರಸ್ತೆಯಲ್ಲಿ ಆನೆ ಕಂಡರೆ ಹಾರ್ನ್ ಹಾಕದೆ, ಇಳಿಯದೆ, ದೂರದಲ್ಲೇ ನಿಂತು ಅದು ದಾಟುವವರೆಗೆ ಕಾಯಿರಿ. ಕುಡಿದ ಬಾಟಲಿಯನ್ನು ತೋಟಕ್ಕೆ ಎಸೆಯಬೇಡಿ. ಮಾರನೆಯ ದಿನ ಆ ಗಾಜು ಚುಚ್ಚುವುದು ಕಳೆ ತೆಗೆಯುವ ಹೆಂಗಸರ ಕಾಲಿಗೆ.

ಮನೆಗೆ ಒಯ್ಯಲು ಕಾಫಿಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಶೇಕಡಾ ಎಂದು ಓದಿ. ಪಂದಿಕರಿ (ಕೊಡಗಿನ ಹಂದಿಮಾಂಸದ ಅಡುಗೆ) ಮಾಡುವವರು ಅದಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಕೊಳ್ಳುತ್ತೀರಿ; ಬಾಟಲಿ ಓರೆ ಮಾಡಿ ನೋಡಿ. ಹಣ್ಣಿನ ರಸವನ್ನು ಸರಿಯಾಗಿ ಕುದಿಸಿ ಬತ್ತಿಸಿದ್ದರೆ ಕಪ್ಪಾಗಿ, ಮಂದವಾಗಿ, ಗಾಜಿಗೆ ಅಂಟಿಕೊಂಡು ನಿಧಾನ ಇಳಿಯುತ್ತದೆ. ನೀರಿನಂತೆ ಓಡಿದರೆ ಅಲ್ಲೇ ಬಿಟ್ಟು ಬನ್ನಿ. ಒಂದು ಕೆ.ಜಿ. ಮಾಂಸಕ್ಕೆ ಒಂದು ದೊಡ್ಡ ಚಮಚ ಸಾಕು, ಅದೂ ಮಾಂಸ ಬೆಂದ ಮೇಲೆ, ಇಳಿಸುವ ಸ್ವಲ್ಪ ಮೊದಲು.