ಒಂದು ಬೆರಳಿನ ಜಮೀನು

ಗದ್ದೆಗೆ ನಾಲ್ಕು ಮೂಲೆ ಇರಲೇಬೇಕು ಎಂದು ನಂಬಿಕೊಂಡವರು ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಚಂಚಾರ್ ಕಡೆಗೆ ಹೋಗದಿರುವುದೇ ವಾಸಿ. ರುತೆಂಗ್ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟರೆ ಬೈಕಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಅಲ್ಲಿ ಮೆಲೆರ್ ಎಂಬ ಹಳ್ಳಿ. ಅಲ್ಲಿನ ಗದ್ದೆಗಳಿಗೆ ಮೂರೇ ಮೂಲೆ, ಅದರಲ್ಲೂ ಒಂದು ಮೂಲೆ ಹೆಸರಿಗಷ್ಟೇ ಉಂಟು. ಅಲ್ಲಿ ಒಂದು ಪೈರನ್ನೂ ನೆಡಲಾಗುವುದಿಲ್ಲ.

ಮಂಗರಾಯ್ ಜನರ ಹಳೆಯ ಪದ್ಧತಿ ಇದು. ಪ್ರತಿ ಊರಿಗೂ ಡೋಲು ತೂಗುಹಾಕಿದ ಒಂದು ದೊಡ್ಡಮನೆ, ಆ ಮನೆಗೆ ಸೇರಿದ ಸಾಮೂಹಿಕ ಭೂಮಿ. ಆ ಭೂಮಿಗೆ ಲಿಂಗ್ಕೊ ಎನ್ನುತ್ತಾರೆ. ಲಿಂಗ್ಕೊದ ನಡುವಿನ ಬಿಂದುವೇ ಲೊದೊಕ್. ಅಲ್ಲಿ ತೆನೊ ಮರದ ಗೂಟ ನೆಟ್ಟು, ಬಲಿ ಕೊಟ್ಟು, ಭೂಮಿ ಹಂಚುವ ಹಿರಿಯ ತುಆ ತೆನೊ ಅಳತೆಗೆ ಕೂರುತ್ತಾನೆ. ಅವನ ಅಳತೆಗೋಲು ಬೆರಳು. ಮನೆತನದ ಸ್ಥಾನಮಾನ ನೋಡಿಕೊಂಡು ಒಬ್ಬರಿಗೆ ಒಂದು ಬೆರಳು, ಇನ್ನೊಬ್ಬರಿಗೆ ಹೆಚ್ಚು. ಗೂಟದ ಬಳಿಯ ಆ ಬೆರಳಗುರುತಿನಿಂದ ಹೊರಟ ಗೆರೆ ಹೊರಗಿನ ಎಲ್ಲೆ ಮುಟ್ಟುವ ತನಕ ಹೋಗುತ್ತದೆ. ಕೇಕು ಹೆಚ್ಚಿದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಸೀಳು. ಮೇಲಿನಿಂದ ನೋಡಿದವರು ಇದಕ್ಕೆ ಜೇಡರಬಲೆ ಗದ್ದೆ ಎಂದು ಹೆಸರಿಟ್ಟರು. ಕೆಳಗೆ ನಿಂತು ಗುದ್ದಲಿ ಹಿಡಿದವನಿಗೆ ಯಾವ ಜೇಡವೂ ಕಾಣುವುದಿಲ್ಲ, ಬದು ಮಾತ್ರ ಕಾಣುತ್ತದೆ.

ಬೆರಳಳತೆಯ ಮಹಿಮೆ ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಹೊಲ ಪೂರ್ತಿ ವೃತ್ತಾಕಾರ, ಗೂಟದಿಂದ ಅಂಚಿಗೆ 100 ಮೀಟರ್ ಎಂದಿಟ್ಟುಕೊಳ್ಳಿ. ಗೂಟದಿಂದ 10 ಸೆಂಟಿಮೀಟರ್ ದೂರದಲ್ಲಿ ಎರಡು ಸೆಂಟಿಮೀಟರ್ ದಪ್ಪದ ಬೆರಳಿಟ್ಟು ಅಳೆದರೆ ಒಟ್ಟು 31 ಪಾಲು ಬರುತ್ತದೆ. ಗೂಟದ ಹತ್ತಿರ ಎರಡು ಸೆಂಟಿಮೀಟರ್ ಇದ್ದದ್ದು ಅಂಚಿನಲ್ಲಿ 20 ಮೀಟರ್. ಅಂದರೆ ಸಾವಿರ ಪಟ್ಟು. ಹಿರಿಯನ ಬೆರಳು ಒಂದೇ ಒಂದು ಮಿಲಿಮೀಟರ್ ಸರಿದರೂ ಸಾಕು, ಆಚೆ ತುದಿಯಲ್ಲಿ ಯಾರದೋ ಒಂದು ಮೀಟರ್ ಗದ್ದೆ ಪಕ್ಕದವರದಾಯಿತು. ಹೀಗಾಗಿ ಹಂಚಿಕೆಯ ದಿನ ಆತನ ಕೈಗೆ ಉಳುಕು, ಉಗುರುಸುತ್ತು ಏನೂ ಆಗದಿರಲಿ ಎಂದು ಊರೇ ಹಾರೈಸಿದರೂ ತಪ್ಪೇನಿಲ್ಲ.

ಈ ಲೆಕ್ಕದ ಒಂದು ಸೀಳಿನ ವಿಸ್ತೀರ್ಣ ಸುಮಾರು 1,000 ಚದರ ಮೀಟರ್. ನಮ್ಮ ಅಳತೆಯಲ್ಲಿ ಹತ್ತು ಗುಂಟೆಗೆ ಒಂಚೂರು ಕಡಿಮೆ. ಅಷ್ಟೇ ಜಾಗ ಚೌಕವಾಗಿದ್ದರೆ ಸುತ್ತಲಿನ ಬದು 126 ಮೀಟರ್. ಸೀಳಿಗಾದರೋ 220. ಬದು ಕೆತ್ತಿ, ಕೆಸರು ಮೆತ್ತಿ, ನುಣ್ಣಗೆ ಬಳಿಯುವ ಕೆಲಸ ಹೆಚ್ಚುಕಡಿಮೆ ಇಮ್ಮಡಿ. ಬದುವನ್ನು 30 ಸೆಂಟಿಮೀಟರಿಗಿಂತ ಅಗಲ ಮಾಡಿದರೆ ಇಲಿಗಳು ಸುಖವಾಗಿ ಬಿಲ ತೋಡುತ್ತವೆ. ತೀರಾ ತೆಳ್ಳಗಾದರೆ ಏಡಿ ಕೊರೆದ ಒಂದು ತೂತಿಗೇ ನೀರೆಲ್ಲ ಪಕ್ಕದ ಗದ್ದೆಗೆ. ಸರಿ, 30 ಸೆಂಟಿಮೀಟರ್ ಎಂದೇ ಇಟ್ಟುಕೊಂಡರೂ ಕೇಂದ್ರದಿಂದ ಒಂದೂವರೆ ಮೀಟರ್ ದೂರದಲ್ಲಿ ಸೀಳಿನ ಅಗಲವೂ ಅಷ್ಟೇ. ಅಲ್ಲಿಂದ ಒಳಕ್ಕೆ ಗದ್ದೆ ಮುಗಿಯಿತು, ಉಳಿದದ್ದು ಬರೀ ಬದು. ಹತ್ತಿರದ ಲಿಯಾಂಗ್ ಬುವಾ ಗುಹೆಯಲ್ಲಿ 2003ರಲ್ಲಿ ಸುಮಾರು ಒಂದು ಮೀಟರ್ ಎತ್ತರದ ಪ್ರಾಚೀನ ಮಾನವರ ಎಲುಬು ಸಿಕ್ಕವು. ಈ ಚೂಪು ತುದಿಯಲ್ಲಿ ಬೇಸಾಯ ಮಾಡಲು ಅವರೇ ಸರಿ.

ಪವರ್ ಟಿಲ್ಲರ್ ತಂದವರ ಪಾಡು ಬೇರೆ. ಅಂಚಿನ 20 ಮೀಟರ್ ಅಗಲದಲ್ಲಿ ಅದು ರಾಜನಂತೆ ತಿರುಗುತ್ತದೆ. ಒಳಗೆ ಹೋದಂತೆ ಬದುಗಳೆರಡೂ ಹತ್ತಿರವಾಗುತ್ತವೆ. 10 ಮೀಟರ್ ಉಳಿದಾಗ ಅಗಲ ಎರಡೇ ಮೀಟರ್. ಅಲ್ಲಿ ಹಿಡಿಕೆ ತಿರುವಿದರೆ ಕಬ್ಬಿಣದ ಚಕ್ರ ನೆರೆಯವನ ಬದು ಹತ್ತಿಯೇ ಹತ್ತುತ್ತದೆ. ಉಪಾಯ ಇಷ್ಟೇ: ಅಗಲ ಮೂರು ಮೀಟರಿಗೆ ಇಳಿಯುವ ಮೊದಲೇ ತಿರುಗಿಸಿಬಿಡಬೇಕು, ಮಿಕ್ಕಿದ್ದನ್ನು ಗುದ್ದಲಿಯಿಂದ ಅಗೆಯಬೇಕು. ಆ ಮಿಕ್ಕಿದ್ದು ನೋಡಲು ಉದ್ದ, ಲೆಕ್ಕಕ್ಕೆ ಪುಸಕ್ಕನೆ ಹೋಗುತ್ತದೆ: ಕೊನೆಯ 15 ಮೀಟರಿನಲ್ಲಿ ಇರುವುದು ಸುಮಾರು 22 ಚದರ ಮೀಟರ್, ಅಂದರೆ ನೂರಕ್ಕೆ ಎರಡು ಪಾಲು ಚಿಲ್ಲರೆ. ಬೆನ್ನು ನೋಯುವುದು ಮಾತ್ರ ಪೂರ್ತಿ ನೂರು.

ನಾಟಿಯಲ್ಲಿ ಇನ್ನೊಂದು ಪೇಚು. ಇಂಡೊನೇಷ್ಯಾದ ಕೃಷಿ ಇಲಾಖೆ ಜಾಜಾರ್ ಲೆಗೊವೊ ಎಂಬ ಸಾಲು ನಾಟಿಯನ್ನು ಬಹಳ ಹುರಿದುಂಬಿಸುತ್ತದೆ. ಎರಡು ಸಾಲು ನೆಟ್ಟು ಒಂದು ಸಾಲಿನ ಜಾಗ ಖಾಲಿ ಬಿಡುವುದು ಅದರ ಕ್ರಮ. ಜೋಡಿಸಾಲಿನ ನಡುವೆ 25 ಸೆಂಟಿಮೀಟರ್, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 12.5, ಖಾಲಿ ಓಣಿ 50. ಗಾಳಿ ಬೆಳಕು ಚೆನ್ನಾಗಿ ಆಡುತ್ತದೆ, ಕಳೆ ಕೀಳಲು ಕಾಲಿಡಲು ಜಾಗ. ಆದರೆ ಇದನ್ನು ಹುಟ್ಟುಹಾಕಿದ ತಲೆಯಲ್ಲಿ ಇದ್ದದ್ದು ನಾಲ್ಕು ಮೂಲೆಯ ಗದ್ದೆ. ಸೀಳಿನ ಅಂಚಿನಲ್ಲಿ 26 ಜೋಡಿಸಾಲು ಹಿಡಿಸುತ್ತದೆ. ಕೇಂದ್ರದ ಹತ್ತಿರ ಬರುವಾಗ ಎರಡು. ನಡುವಿನ 24 ಜೋಡಿ ದಾರಿಯುದ್ದಕ್ಕೂ ಒಂದೊಂದಾಗಿ ಬದುವಿಗೆ ಢಿಕ್ಕಿ ಹೊಡೆದು ಸಾಯುತ್ತವೆ. ಹಗ್ಗವನ್ನು ನಡುಗೆರೆಗೆ ಕಟ್ಟಿದರಂತೂ ಎರಡೂ ಬದಿಯಲ್ಲಿ ಅರ್ಧಂಬರ್ಧ ಸಾಲು. ಒಂದು ಉದ್ದದ ಬದುವಿಗೆ ಸಮಾನಾಂತರವಾಗಿ ಹಗ್ಗ ಎಳೆದರೆ ಮೊಟಕು ಸಾಲುಗಳೆಲ್ಲ ಒಂದೇ ಕಡೆ ಸೇರುತ್ತವೆ, ಕೆಲಸ ಸಲೀಸು. ಚೂಪಿನಲ್ಲಿ ಲೆಗೊವೊ ಮರೆತು ಕೈಗೆ ಬಂದಂತೆ ನೆಡುವುದೇ ಜಾಣತನ.

ಸಸಿ ನೆಟ್ಟ ಮೇಲೆ ಎರಡು ಮೂರು ವಾರ ಚಿನ್ನದ ಬಣ್ಣದ ಬಸವನಹುಳುವಿನ ಕಾಟ. ನೀರು ಆಳವಾಗಿ ನಿಂತರೆ ಅದು ಈಜಿಕೊಂಡು ಬಂದು ಎಳೆ ಕಾಂಡ ಕತ್ತರಿಸುತ್ತದೆ, ತೆಳುವಾಗಿದ್ದರೆ ಅಲ್ಲಲ್ಲೇ ತೆವಳುತ್ತದೆ. ಆದ್ದರಿಂದ ನೀರು ಎರಡು ಮೂರು ಸೆಂಟಿಮೀಟರ್ ದಾಟಬಾರದು. ಯೂರಿಯಾ ಎರಚಿದ ಮೇಲೆ ಮೂರು ನಾಲ್ಕು ದಿನ ಬದುವಿನಲ್ಲಿ ನೀರು ಹಾಯುವ ಮಡೆ ಮುಚ್ಚಿಯೇ ಇರಬೇಕು. ಇಲ್ಲದಿದ್ದರೆ ಗೊಬ್ಬರದ ದುಡ್ಡು ನಿಮ್ಮದು, ಪೈರಿನ ಹಸಿರು ಕೆಳಗಿನ ಗದ್ದೆಯವರದು. ಅವರು ಮಾತ್ರ "ಈ ಸಲ ಮಣ್ಣು ಚೆನ್ನಾಗಿದೆ ಕ್ರಾಯೆಂಗ್" ಎಂದು ಬಹಳ ಗೌರವದಿಂದ ಹೇಳುತ್ತಾರೆ. ದೊಡ್ಡವರನ್ನು ಅಲ್ಲಿ ಕರೆಯುವುದೇ ಹಾಗೆ.

ಪ್ರವಾಸಿಗರ ಅನಾಹುತಗಳಿಗೆ ಬೇರೆಯೇ ಜಾತಿ. ಬಲೆ ಕಾಣಬೇಕಾದರೆ ಗೋಲೊ ಚಾರಾ ಗುಡ್ಡ ಹತ್ತಬೇಕು. ರುತೆಂಗ್ ಸುತ್ತಿನ ಎತ್ತರದಲ್ಲಿ ಮೋಡಕ್ಕೆ ಬರವಿಲ್ಲ. ಊಟ ಮುಗಿಸಿ ಆರಾಮಾಗಿ ಹೊರಟವರಿಗೆ ಗುಡ್ಡದ ಮೇಲೆ ಸಿಗುವುದು ಬೆಳ್ಳನೆಯ ಹೊಗೆಯಂಥ ಗೋಡೆ. ಬೆಳಿಗ್ಗೆಯೇ ಹತ್ತಬೇಕು, ಅಷ್ಟೇ.

ಅದಕ್ಕಿಂತ ಸೊಗಸಾದದ್ದು ಗೂಟದ ಜಾಗ ನೋಡಬೇಕೆಂದು ಬದು ಹಿಡಿದು ನಡೆಯುವವರದು. ಹೋಗುವುದು ಸಲೀಸು, ಯಾವ ಬದು ಹಿಡಿದರೂ ನಡುವಿಗೇ ಸೇರಿಸುತ್ತದೆ. ಬರುವಾಗ ಇದೆ ತಮಾಷೆ. ನಡುವಿನಲ್ಲಿ ಒಂದೇ ಥರದ 31 ಬದು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಬದು ತಪ್ಪಿದರೆ ಬೈಕಿನಿಂದ 20 ಮೀಟರ್ ಆಚೆ ಹೊರಬೀಳುತ್ತೀರಿ, ಪರವಾಗಿಲ್ಲ. ಎಂಟು ತಪ್ಪಿದರೆ ಕಾಲು ವೃತ್ತದಷ್ಟು ದೂರ. ಮಾತಿನ ಭರದಲ್ಲಿ ಹದಿನೈದು ತಪ್ಪಿದಿರೋ, ಬೈಕು ಇರುವುದು ಸರಿಯಾಗಿ ಬೆನ್ನ ಹಿಂದೆ. ಈ ನಡುವೆ ಹೊಸದಾಗಿ ಕೆಸರು ಮೆತ್ತಿದ ಬದು ಕಾಲಡಿಯಲ್ಲಿ ಜಾರುತ್ತಿರುತ್ತದೆ. ಬೂಟು ಬಿಚ್ಚಿ ಬರಿಗಾಲಲ್ಲಿ, ಹೆಬ್ಬೆರಳು ಊರಿ ನಡೆದವರು ಗದ್ದೆಗೆ ಬೀಳುವುದು ಕಡಿಮೆ. ಹೋಗುವಾಗಲೇ ಬೈಕಿನ ಹಿಂದಿರುವ ಯಾವುದಾದರೂ ಮರ ಗುರುತಿಟ್ಟುಕೊಳ್ಳಿ. ಮನುಷ್ಯರನ್ನು ಗುರುತಿಟ್ಟುಕೊಳ್ಳಬೇಡಿ, ಅವರು ಮನೆಗೆ ಹೋಗುತ್ತಾರೆ.

ಕೊನೆಗೆ ಬರುವುದು ಅಣ್ಣತಮ್ಮಂದಿರ ಪಾಲು. ಒಂದು ಬೆರಳಿನ ಸೀಳನ್ನು ಇಬ್ಬರಿಗೆ ಉದ್ದುದ್ದ ಸೀಳಿದರೆ ಅರ್ಧರ್ಧ ಬೆರಳು, ನಡುವೆ ಇನ್ನೊಂದು 100 ಮೀಟರ್ ಬದು, ಟಿಲ್ಲರ್ ಇನ್ನೂ ಮೊದಲೇ ತಿರುಗಬೇಕು. ಅಡ್ಡಕ್ಕೆ ಕಡಿಯೋಣ ಎಂದು ಸರಿಯಾಗಿ 50 ಮೀಟರಿಗೆ ಬದು ಹಾಕಿದರೆ ಒಳಗಿನವನಿಗೆ ಕಾಲು ಪಾಲು, ಹೊರಗಿನವನಿಗೆ ಮುಕ್ಕಾಲು. ಸಮಪಾಲು ಬೇಕೆಂದರೆ ಗೂಟದಿಂದ 70 ಮೀಟರ್ 70 ಸೆಂಟಿಮೀಟರ್ ಅಳೆದು ಕಡಿಯಬೇಕು. ಆಗ ಒಳಗಿನವನಿಗೆ ಉದ್ದವೂ ಸಿಕ್ಕಿತು, ಪಾಲೂ ಸಿಕ್ಕಿತು ಎಂದು ಹೊರಗಿನವನಿಗೆ ಉರಿ. ಆದರೆ ಕಾಲುವೆ ಅಂಚಿನಲ್ಲಿದ್ದರೆ ಒಳಗಿನವನ ಗದ್ದೆಗೆ ನೀರು ಬರಬೇಕಾದ್ದು ಹೊರಗಿನವನ ಮಡೆ ದಾಟಿಕೊಂಡೇ. ಆ ಮಡೆ ಯಾವತ್ತು, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಅಳೆಯುವ ಬೆರಳು ಮಾತ್ರ ಯಾವ ತುಆ ತೆನೊ ಬಳಿಯೂ ಇಲ್ಲ.