ಹೊತ್ತವರಿಗೆ ಗೊತ್ತು

ಅಮೆರಿಕದ ಸ್ಯಾನ್ ಆಂಟೋನಿಯೋಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ಮೂರು ವರ್ಷದ ಮೊಮ್ಮಗನನ್ನು ‘ಪಾಪಿ, ಪಾಪಿ’ ಎಂದು ಕರೆಯುವುದು ಕಿವಿಗೆ ಬಿದ್ದಾಗಲೆಲ್ಲ ನನ್ನ ಹೆಂಡತಿಗೆ ಕಸಿವಿಸಿಯಾಗುತ್ತಿತ್ತು. ಸ್ಪ್ಯಾನಿಷ್‌ನಲ್ಲಿ ಅದು ‘ಅಪ್ಪ’ ಎಂದು ಆಮೇಲೆ ತಿಳಿಯಿತು. ನಾವು ಮಗನಿಗೆ ‘ಊಟ ಮಾಡಪ್ಪ’ ಎನ್ನುತ್ತೇವೆ, ಮಗಳನ್ನು ‘ಬಾರಮ್ಮ’ ಎಂದು ಕರೆಯುತ್ತೇವೆ. ಅಜ್ಜಿ ಮಾಡುತ್ತಿದ್ದುದೂ ಅದನ್ನೇ. ಅಂದಿನಿಂದ ಎರಡು ಮನೆಗಳ ನಡುವಿನ ಬೇಲಿ ಸ್ವಲ್ಪ ಗಿಡ್ಡವಾದಂತೆ ನಮಗೆ ಅನಿಸಿತು.

ಇಲ್ಲಿನ ಕನ್ನಡಿಗರು ಒಂದೆಡೆ ಸೇರಿದಾಗ ಈ ಮಾತು ಬಂದೇ ಬರುತ್ತದೆ: ‘ಅವರೂ ನಮ್ಮ ಹಾಗೆಯೇ, ಕುಟುಂಬ ಎಂದರೆ ಪ್ರಾಣ.’ ಮನೆ ತುಂಬ ಜನ, ಅಜ್ಜಿಯ ಮಾತಿಗೆ ಬೆಲೆ, ಹದಿನೈದು ತುಂಬಿದ ಹುಡುಗಿಗೆ ಕಿನ್ಸೆಆನ್ಯೆರಾ ಎಂಬ ದೊಡ್ಡ ಸಮಾರಂಭ. ಅದನ್ನು ನೋಡಿ ನಮ್ಮ ಹಿರಿಯ ಹೆಂಗಸರು ಮೈನೆರೆದ ಹುಡುಗಿಗೆ ಎತ್ತುವ ಆರತಿಯನ್ನು ನೆನೆಯುತ್ತಾರೆ. ಈ ಮಾತನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ. ಆದರೆ ಅವರ ಸಣ್ಣಕತೆಗಳನ್ನು ಓದತೊಡಗಿದ ಮೇಲೆ ಅಷ್ಟು ಸಲೀಸಾಗಿ ಆಡಲು ನಾಲಿಗೆ ಏಳುತ್ತಿಲ್ಲ.

‘ಹಿಸ್ಪ್ಯಾನಿಕ್’ ಎನ್ನುವುದು ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರಿಗೆ ಅಮೆರಿಕದ ಜನಗಣತಿ ಬಳಸುವ ಪದ. 2020ರ ಎಣಿಕೆಯಲ್ಲಿ ಆ ಹೆಸರಿನಡಿ ಬಂದವರು ಸುಮಾರು 6.2 ಕೋಟಿ. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ ಎಲ್ಲ ಕಡೆಯವರೂ ಒಂದೇ ಬುಟ್ಟಿಗೆ ಬೀಳುತ್ತಾರೆ, ದಕ್ಷಿಣದವರೆಲ್ಲ ಉತ್ತರದವರ ಬಾಯಲ್ಲಿ ‘ಮದ್ರಾಸಿ’ ಆಗುತ್ತಿದ್ದಂತೆ. ನನ್ನ ನೆರೆಹೊರೆ ಮೆಕ್ಸಿಕೋ ಮೂಲದವರದು. ಹಾಗಾಗಿ ಅವರ ಕತೆಗಳ ಬಗ್ಗೆಯಷ್ಟೇ ಮಾತಾಡುತ್ತೇನೆ.

ಮೆಕ್ಸಿಕೋದ ಕತೆಗಾರ ಹುವಾನ್ ರುಲ್ಫೋ ಅವರ 1953ರ ಸಂಕಲನದಲ್ಲಿ ‘ನಾಯಿಗಳು ಬೊಗಳುವುದು ನಿನಗೆ ಕೇಳಿಸುತ್ತಿಲ್ಲವೇ’ ಎಂಬ ಅರ್ಥದ ಹೆಸರಿನ ಪುಟ್ಟ ಕತೆಯೊಂದಿದೆ. ರಾತ್ರಿಯ ಹೊತ್ತು, ಮುದುಕ ತಂದೆಯೊಬ್ಬ ಗಾಯಗೊಂಡ ಬೆಳೆದ ಮಗನನ್ನು ಹೆಗಲ ಮೇಲೆ ಹೊತ್ತು ಟೊನಾಯಾ ಎಂಬ ಊರಿನ ಕಡೆ ನಡೆಯುತ್ತಿದ್ದಾನೆ. ಅಲ್ಲಿ ವೈದ್ಯರಿದ್ದಾರೆ. ಮಗ ದಾರಿಗಳ್ಳ, ಕೊಲೆಗಾರ. ಹೆಗಲೇರಿದ ಅವನ ಮೈಯಿಂದ ಅಪ್ಪನ ಕಿವಿಗಳು ಮುಚ್ಚಿವೆ. ಆದ್ದರಿಂದ ಊರು ಹತ್ತಿರವಾಯಿತೇ, ನಾಯಿಗಳ ಬೊಗಳು ಕೇಳಿಸಿತೇ ಎಂದು ಮಗನನ್ನೇ ಕೇಳಬೇಕು. ಮಗ ನೀರು ಕೇಳುತ್ತಾನೆ. ಸುತ್ತ ಬರೀ ಕಲ್ಲು. ನೀರಿದ್ದರೂ ಕೆಳಗಿಳಿಸುವ ಹಾಗಿಲ್ಲ, ಮತ್ತೆ ಎತ್ತಿ ಹೆಗಲಿಗೇರಿಸಲು ಯಾರೂ ಇಲ್ಲ.

ಬೈಯುತ್ತಾ ಬೈಯುತ್ತಾ ತಂದೆ ‘ನೀನು’ ಬಿಟ್ಟು ‘ನೀವು’ ಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ಓದಿದರೆ ಇದು ಕೈಗೆ ಸಿಗದು, ಅಲ್ಲಿ ಇರುವುದೇ ಒಂದು ಸರ್ವನಾಮ. ಕನ್ನಡದ ಕಿವಿಗೆ ವಿವರಣೆ ಬೇಕಿಲ್ಲ. ‘ತಾವು ಯಾವಾಗ ದಯಮಾಡಿಸಿದಿರಿ?’ ಎಂದು ನನ್ನಪ್ಪ ಕೇಳಿದ ರಾತ್ರಿ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ರುಲ್ಫೋ ಅವರ ತಂದೆಯೂ ಆ ಬಹುವಚನದಿಂದಲೇ ಮಗನನ್ನು ದೂರ ತಳ್ಳುತ್ತಾನೆ, ಆದರೆ ಹೆಗಲಿನಿಂದ ಇಳಿಸುವುದಿಲ್ಲ. ಇದನ್ನೆಲ್ಲ ಮಾಡುತ್ತಿರುವುದು ನಿಮಗಾಗಿ ಅಲ್ಲ, ತೀರಿಹೋದ ನಿಮ್ಮ ತಾಯಿಗಾಗಿ ಎನ್ನುತ್ತಾನೆ. ಕೊನೆಗೆ ಊರು ಮುಟ್ಟಿ, ಕೊರಳಿಗೆ ಬಿಗಿದ ಮಗನ ಬೆರಳುಗಳನ್ನು ಕಷ್ಟಪಟ್ಟು ಬಿಡಿಸಿದ ಮೇಲೆಯೇ ಎಲ್ಲೆಡೆ ನಾಯಿಗಳು ಬೊಗಳುವುದು ಅವನಿಗೆ ಕೇಳುತ್ತದೆ.

ಆ ಮಗ ಕೊಂದವರಲ್ಲಿ ಒಬ್ಬ ಅವನಿಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಟ್ಟವನು, ಅಪ್ಪನ ‘ಕೊಂಪಾದ್ರೆ’. ರಕ್ತಸಂಬಂಧ ಇಲ್ಲದಿದ್ದರೂ ಅವರಲ್ಲಿ ಅದು ನಂಟೇ, ಜೀವಮಾನದ ಹೊಣೆ. ನಾವು ಬೀದಿಯಲ್ಲಿ ಕಂಡವರನ್ನೆಲ್ಲ ಅಣ್ಣ, ಅಕ್ಕ ಎನ್ನುತ್ತೇವೆ. ಆ ಕರೆಗೆ ಅಂಟಿಕೊಂಡ ಹೊಣೆ ಬಹಳ ಕಡಿಮೆ. ಇಲ್ಲಿ ಅವರದು ನಮ್ಮದಕ್ಕಿಂತ ದೊಡ್ಡ ಮನೆ ಎಂದು ಒಪ್ಪಿಕೊಳ್ಳುತ್ತೇನೆ.

ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಹೆಲೆನಾ ಮರಿಯಾ ವಿರಾಮೊಂಟೆಸ್ ಅವರ ‘ದ ಮಾತ್ಸ್’ (ಪತಂಗಗಳು) ಕತೆ 1985ರ ಸಂಕಲನದಲ್ಲಿ ಬಂದದ್ದು. ಹದಿನಾಲ್ಕರ ಹುಡುಗಿ ಸಾಯುತ್ತಿರುವ ಅಜ್ಜಿಯ ಸೇವೆಗೆ ಹೋಗುತ್ತಾಳೆ. ಹಿಂದೆ ತನಗೆ ಜ್ವರ ಬಂದಾಗ ಈ ಅಜ್ಜಿಯೇ ಹಣೆಯ ಎರಡೂ ಬದಿಗೆ ಆಲೂಗೆಡ್ಡೆಯ ಬಿಲ್ಲೆ ಇಟ್ಟು, ತೆಗೆದು, ಮತ್ತೆ ಇಟ್ಟು ಬದುಕಿಸಿದ್ದಳು. ಅದಕ್ಕೇ ಈ ಸೇವೆ ನ್ಯಾಯವಾದದ್ದೆಂದು ಹುಡುಗಿ ಭಾವಿಸುತ್ತಾಳೆ. ಚರ್ಚಿಗೆ ಹೋಗಲಿಲ್ಲವೆಂದು ತಂದೆ ಅವಳ ಮೇಲೆ ಹರಿಹಾಯುತ್ತಾನೆ, ಹೆಣ್ಣುಮಕ್ಕಳನ್ನು ಸರಿಯಾಗಿ ಬೆಳೆಸಲಿಲ್ಲವೆಂದು ತಾಯಿಯ ಮೇಲೂ ಸಿಟ್ಟು ಹರಿಸುತ್ತಾನೆ. ಹುಡುಗಿ ಚರ್ಚಿನ ಹೆಸರು ಹೇಳಿ ಅಜ್ಜಿಯ ಮನೆಗೆ ಹೋಗಿ ಒರಳುಕಲ್ಲಿನಲ್ಲಿ ಸುಟ್ಟ ಮೆಣಸಿನಕಾಯಿ ಅರೆಯುತ್ತಾಳೆ. ಅಜ್ಜಿ ತೀರಿಕೊಂಡಾಗ ಅವಳನ್ನು ಎತ್ತಿಕೊಂಡು ಸ್ನಾನದ ತೊಟ್ಟಿಗೆ ತಾನೂ ಇಳಿದು ಮೈ ತೊಳೆಯುತ್ತಾಳೆ. ಅಜ್ಜಿಯ ಬಾಯಿಯಿಂದ ಸಣ್ಣ ಪತಂಗಗಳು ಹೊರಡುತ್ತವೆ.

ಈ ಕತೆಯಲ್ಲಿ ಶಿಸ್ತು, ದೇವರು, ಮನೆತನದ ಮರ್ಯಾದೆಯ ಬಗ್ಗೆ ಗಂಟಲು ಹರಿದುಕೊಳ್ಳುವುದು ತಂದೆ. ಹೊರುವುದು ಬೈಸಿಕೊಂಡ ಹುಡುಗಿ. ವಿರಾಮೊಂಟೆಸ್ ಕುಟುಂಬವನ್ನು ಹಳಿಯುತ್ತಿಲ್ಲ. ಯಾರ ಮೈಮೇಲೆ ಅದು ನಿಂತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಾರೆ. ‘ಕುಟುಂಬ ಮೌಲ್ಯ’ ಎಂದು ವೇದಿಕೆಯಲ್ಲಿ ಎದೆ ತಟ್ಟಿಕೊಳ್ಳುವ ನಾವು ಹೊರನಾಡಿಗರು ಈ ಒಂದು ಕೆಲಸವನ್ನು ತಪ್ಪಿಸಿಕೊಂಡೇ ಬಂದಿದ್ದೇವೆ.

ಮೆಕ್ಸಿಕೋ ಮೂಲದ ಅಮೆರಿಕನ್ ಲೇಖಕಿ ಸಾಂಡ್ರಾ ಸಿಸ್ನೆರೋಸ್ ಅವರ ‘ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ (1984) ಪುಸ್ತಕದಲ್ಲಿ ಒಂದು ಪುಟದಷ್ಟಿರುವ ತುಣುಕನ್ನು ನಾನು ಎಷ್ಟು ಸಲ ಓದಿದ್ದೇನೋ. ಬೆಳಗಿನ ಜಾವ ಅಪ್ಪ ಬಂದು ಹಿರಿಮಗಳ ಹಾಸಿಗೆಯ ಮೇಲೆ ಕೂತು, ನಿನ್ನ ತಾತ ಹೋದರು ಎನ್ನುತ್ತಾನೆ. ಹಾಗೆನ್ನುತ್ತಲೇ ಸುದ್ದಿ ತನಗೂ ಆಗಷ್ಟೇ ತಿಳಿದಂತೆ ಕುಸಿದು ಅಳುತ್ತಾನೆ. ಅವನು ವಿಮಾನ ಹತ್ತಿ ಮೆಕ್ಸಿಕೋಗೆ ಹೋಗಬೇಕು. ತಮ್ಮಂದಿರಿಗೆ, ತಂಗಿಗೆ ಸುದ್ದಿ ಹೇಳುವ ಕೆಲಸ ಹುಡುಗಿಯದು. ಅವಳು ಅಪ್ಪನನ್ನು ತಬ್ಬಿ ಹಿಡಿದುಕೊಳ್ಳುತ್ತಾಳೆ.

ಅಂಥದೇ ಜಾವದಲ್ಲಿ ಅರಸೀಕೆರೆಯಿಂದ ನನಗೂ ಫೋನು ಬಂದಿತ್ತು. ಲಕ್ವ ಹೊಡೆದು ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ನಾನು ತಿಂಗಳು ತಿಂಗಳು ಹಣ ಕಳಿಸುತ್ತಿದ್ದೆ, ಭಾನುವಾರ ವಿಡಿಯೊ ಕರೆ ಮಾಡುತ್ತಿದ್ದೆ. ಮಗ್ಗುಲು ಬದಲಿಸಿ, ಮೈ ಒರೆಸಿ, ತುತ್ತು ತಿನ್ನಿಸಿದ್ದು ಅತ್ತಿಗೆ. ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ನನ್ನ ಕೈ ಹಿಡಿದು, ‘ಅಮೆರಿಕದಿಂದ ಓಡಿ ಬಂದೆಯಲ್ಲ, ಮಗ ಎಂದರೆ ನೀನು’ ಎಂದರು. ಅತ್ತಿಗೆ ಅಡುಗೆಮನೆಯಲ್ಲಿ ಎಲೆ ಎಣಿಸುತ್ತಿದ್ದರು. ಆ ಹೊಗಳಿಕೆಗೆ ನಾನು ತಲೆಯಾಡಿಸಿದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮ ರಾಜ್ಯೋತ್ಸವದ ಮರುದಿನ, ನವೆಂಬರ್ 2, ಮೆಕ್ಸಿಕನ್ನರ ಮನೆಗಳಲ್ಲಿ ಹಿರಿಯರ ದಿನ. ಪಿತೃಪಕ್ಷದಲ್ಲಿ ನಾವು ಎಡೆ ಇಡುವಂತೆ ಅವರು ಸತ್ತವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ತೀರ್ಥವನ್ನು ಮುಂದಿಡುತ್ತಾರೆ. ಸುತ್ತ ಚೆಂಡುಹೂವು. ಈ ಹೂವಿನ ತವರು ಮೆಕ್ಸಿಕೋ ಎಂದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಹೋದ ವರ್ಷ ಪಕ್ಕದ ಮನೆಯ ಅಜ್ಜಿ ನನ್ನಪ್ಪನ ಫೋಟೊ ಕೇಳಿ ಪಡೆದು ತಮ್ಮ ಗಂಡನ ಫೋಟೊದ ಪಕ್ಕದಲ್ಲಿಟ್ಟರು. ನಿಮ್ಮ ತಂದೆಗೆ ಏನು ಇಷ್ಟ ಎಂದು ಕೇಳಿದರು. ಕೋಡುಬಳೆ ಎನ್ನಲು ಬಾಯಿ ತೆರೆದವನು ಯಾಕೋ ತಡೆದು ಅರಸೀಕೆರೆಗೆ ಫೋನು ಮಾಡಿದೆ.

‘ಮಾವನಿಗೆ ಕೋಡುಬಳೆ ಅಗಿಯಲು ಆಗುತ್ತಿರಲಿಲ್ಲವಪ್ಪ’ ಎಂದರು ಅತ್ತಿಗೆ. ‘ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಚೂರು ಬೆಲ್ಲ. ಬೆಲ್ಲ ಪೂರ್ತಿ ಕರಗಿರಬೇಕು, ಇಲ್ಲದಿದ್ದರೆ ಉಗಿದುಬಿಡುತ್ತಿದ್ದರು.’

ಅವಲಕ್ಕಿ ನಮ್ಮ ಮನೆಯಲ್ಲಿತ್ತು. ಬೆಲ್ಲ ಅಜ್ಜಿಯ ಬಳಿಯೇ ಇತ್ತು, ಅವರು ಅದನ್ನು ಪಿಲೋನ್ಸಿಯೊ ಎನ್ನುತ್ತಾರೆ. ಅಚ್ಚಿನಿಂದ ಸ್ವಲ್ಪ ತುರಿದು ಹಾಲಿಗೆ ಹಾಕಿ, ಪೂರ್ತಿ ಕರಗುವವರೆಗೂ ಕಲಕುತ್ತಾ ನಿಂತರು.