ಕಳಿಸೋ ಮುಂಚೆ ಒಂದ್ಸಲ ತೋರಿಸಿ

ಆಫೀಸಿನಲ್ಲಿ ನಾನು ಅತಿ ಹೆಚ್ಚು ಹೇಳುವ ಮಾತು ಇದೇ ಇರಬೇಕು. ದನಿ ಮೆತ್ತಗೇ ಇರುತ್ತದೆ. ಕೇಳಿದವರಿಗೆ ಮಾತ್ರ, ಇವತ್ತು ಬೇಗ ಮನೆಗೆ ಹೋಗುವ ಹಾಗಿಲ್ಲ ಎಂದು ಅರ್ಥವಾಗುತ್ತದೆ.

ತೋರಿಸಿದ ಪತ್ರಕ್ಕೆ ನಾನು ಮಾಡುವುದಾದರೂ ಏನು? 'ಗಮನಕ್ಕೆ ತರಬಯಸುತ್ತೇವೆ' ಎಂದಿದ್ದರೆ 'ಗಮನಕ್ಕೆ ತರಲು ಇಚ್ಛಿಸುತ್ತೇವೆ' ಎನ್ನುತ್ತೇನೆ. ಅದೇ ಇದ್ದಿದ್ದರೆ ಇದನ್ನು ಬರೆಯುತ್ತಿದ್ದೆ. ಎಕ್ಸೆಲ್ ಶೀಟ್ ಕೊಟ್ಟರೆ ಲೆಕ್ಕ ನೋಡುವ ಮೊದಲು ಕಾಲಂ ಅಗಲ ಮಾಡುತ್ತೇನೆ. ಆಗ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ. ನನಗೀಗ ಅನುಮಾನ ಇರುವುದು ಆ ತಣ್ಣಗಾಗುವುದರ ಮೇಲೆಯೇ. ಪತ್ರ ಚೆನ್ನಾಯಿತು ಎಂಬ ಸಂತೋಷವಾಗಿದ್ದರೆ ಸ್ವಲ್ಪ ಹೊತ್ತಾದರೂ ಉಳಿಯಬೇಕಿತ್ತು, ಅಲ್ವಾ? ಇದು ಮುಂದಿನ ಫೈಲ್ ಬರುವ ತನಕ ಅಷ್ಟೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸ್ ಬಂದು ನೋಡುವವರ ನೆಮ್ಮದಿಯೂ ಹೀಗೇ.

ನಾನು ರಜೆ ಹಾಕಿದ ದಿನ ನಮ್ಮ ಸೆಕ್ಷನ್ನಿನಿಂದ ಒಂದು ಟಪಾಲೂ ಹೊರಡುವುದಿಲ್ಲ. ನಾನಿಲ್ಲದೆ ಏನೂ ನಡೆಯಲ್ಲ ಎಂದು ಹೆಮ್ಮೆಪಟ್ಟದ್ದೂ ಉಂಟು. ನಡೆಯದ ಹಾಗೆ ಮಾಡಿಟ್ಟವನು ನಾನೇ!

ಈ ಚಾಳಿ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ಜೇಮ್ಸ್ ಫಾಲೋಸ್, ಕೆಲಸ ಬಿಟ್ಟ ಮೇಲೆ 1979ರಲ್ಲಿ ಒಂದು ಲೇಖನ ಬರೆದರು. ಶ್ವೇತಭವನದ ಟೆನಿಸ್ ಅಂಗಳದಲ್ಲಿ ಆಡಲು ಬರುವ ಅರ್ಜಿಗಳನ್ನೂ ಅಧ್ಯಕ್ಷರೇ ನೋಡುತ್ತಿದ್ದರಂತೆ. ಕಾರ್ಟರ್ ಪತ್ರಕರ್ತರ ಮುಂದೆ ಇಲ್ಲ ಎಂದರು. ಅರ್ಜಿ ಹೋಗುತ್ತಿದ್ದದ್ದು ತಮ್ಮ ಕಾರ್ಯದರ್ಶಿಗೆ, ಒಂದೇ ಹೊತ್ತಿಗೆ ಇಬ್ಬರು ಅಂಗಳ ಕೇಳಬಾರದಲ್ಲ, ಅದಕ್ಕೆ ಎಂದರು. ನೆಟ್‌ನ ಆಚೆ ಈಚೆ ನಿಂತು ಆಡುವವರಾದರೆ, ಡಬಲ್ಸ್ ಆದರೆ ಆ ಮಾತು ಬೇರೆ ಎಂದೂ ಸೇರಿಸಿದರು. ತಮಾಷೆಗೇ ಹೇಳಿರಬೇಕು. ಆದರೂ ಡಬಲ್ಸ್‌ಗೆ ವಿನಾಯಿತಿ ಕೊಡಲು ಮರೆಯದ ಆ ಮನಸ್ಸು ನನಗೆ ಬಹಳ ಹತ್ತಿರದ್ದು ಅನ್ನಿಸಿತು.

ನಮ್ಮ ಸೆಕ್ಷನ್ನಿನ ಒಬ್ಬ ಹುಡುಗ ಇದಕ್ಕೆ ಉಪಾಯ ಕಂಡುಕೊಂಡಿದ್ದಾನೆ. ಪತ್ರದಲ್ಲಿ ಬೇಕೆಂದೇ ಒಂದು ಕಾಗುಣಿತದ ತಪ್ಪು ಬಿಡುತ್ತಾನೆ. ಮೇಲೆಯೇ, ಕಣ್ಣಿಗೆ ರಾಚುವ ಹಾಗೆ. ನಾನು ಅದನ್ನು ತಿದ್ದಿ, ತೃಪ್ತನಾಗಿ, ಉಳಿದದ್ದನ್ನು ಮುಟ್ಟದೆ ವಾಪಸ್ ಕೊಡುತ್ತೇನೆ. ಗುಟ್ಟು ತಿಳಿದ ಮೇಲೂ ನಾನು ಸುಮ್ನೆ ಇದ್ದೆ. ಮೊನ್ನೆ 'ವ್ಯವಸ್ತೆ' ಎಂದು ಬರೆದು ತಂದಿದ್ದ. ನೋಡಿದೆ. ಪೆನ್ನು ಮುಟ್ಟದೆ, "ಸರಿಯಾಗಿದೆ, ಕಳಿಸಿಬಿಡಪ್ಪ" ಎಂದೆ.

ಅವನು ಅಲ್ಲಾಡಲಿಲ್ಲ. ಕಾಗದ ಹಿಡಿದುಕೊಂಡು ಅಲ್ಲೇ ನಿಂತ. "ಸರ್, ಆ ಎರಡನೇ ಸಾಲು..."